ಸದ್ದು ಮಾಡದ ದೆವ್ವಗಳು: ಹ್ಯಾಲೋವೀನ್ ಕಾಲಕ್ಕೆ ನೋಡಬಹುದಾದ ಆರು ಚಿತ್ರಗಳು

ದೆವ್ವದ ಸಿನಿಮಾ ಎಂದೊಡನೆ ಮೂಗು ಮುರಿಯುವ ಹಿರಿಯರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಅವರನ್ನು ನಾವು ದೂರುವಂತಿಲ್ಲ. ಬಾಗಿಲು ಕಿರುಗುಟ್ಟಬೇಕು, ಕತ್ತಲಲ್ಲಿ ಬೆಕ್ಕು ಹಾರಬೇಕು, ಬಿಳಿ ಸೀರೆಯವಳೊಬ್ಬಳು ಕೂದಲು ಕೆದರಿಕೊಂಡು ಗಹಗಹಿಸಬೇಕು, ಕೊನೆಗೆ ಮಂತ್ರವಾದಿ ಬಂದು ನಿಂಬೆಹಣ್ಣು ಕೊಯ್ಯಬೇಕು. ಇಷ್ಟಾದರೆ ಚಿತ್ರ ಮುಗಿಯಿತು. ನೋಡುವಾಗ ಎದೆ ಧಸಕ್ಕೆನ್ನುತ್ತದೆ. ಮರುದಿನ ಬೆಳಗ್ಗೆ ಕಾಫಿ ಕುಡಿಯುವ ಹೊತ್ತಿಗೆ ಒಂದು ದೃಶ್ಯವೂ ನೆನಪಿನಲ್ಲಿ ಉಳಿಯುವುದಿಲ್ಲ. ಈಗಂತೂ ಮಕ್ಕಳ ಕೈಯ ಮೊಬೈಲಿನಲ್ಲೇ ಇಂಥವು ದಿನಕ್ಕೆ ಹತ್ತು ಬಂದು ಹೋಗುತ್ತವೆ.

ಆದರೆ ಭಯದ ಚಿತ್ರಗಳಲ್ಲಿ ಬೇರೆಯೇ ಒಂದು ಬಗೆ ಉಂಟು. ಅಲ್ಲಿ ಕಿರುಚಾಟ ಕಡಿಮೆ. ಅಲ್ಲಿಯ ದೆವ್ವಕ್ಕೆ ಹೇಳಿಕೊಳ್ಳಲು ಒಂದು ದುಃಖವಿರುತ್ತದೆ. ನೋಡಿದವನಿಗೆ ಮೊದಲು ಭಯ, ಆಮೇಲೆ ಕನಿಕರ, ಕೊನೆಗೆ ಎರಡನ್ನೂ ಬೇರ್ಪಡಿಸಲಾಗದ ಒಂದು ತಳಮಳ. ಸದ್ದು ಮಾಡದ ಕಾರಣಕ್ಕೇ ಇಂಥ ಚಿತ್ರಗಳಲ್ಲಿ ಹಲವು ಮೂಲೆಗುಂಪಾದವು. ಕೆಲವಕ್ಕೆ ತಪ್ಪು ಹೆಸರು ಅಂಟಿತು, ಕೆಲವಕ್ಕೆ ವಿತರಕರ ಕತ್ತರಿ ಬಿತ್ತು. ಅಂಥ ಆರು ಚಿತ್ರಗಳನ್ನು ಓದುಗರಿಗೆ ಪರಿಚಯಿಸಬೇಕೆಂದು ನಮ್ಮ ಉದ್ದೇಶ.

ಅಕ್ಟೋಬರ್ 31ರ ರಾತ್ರಿ

ಸಂದರ್ಭವೂ ಹೊಂದಿಕೊಂಡಿದೆ. ಪಾಶ್ಚಾತ್ಯ ದೇಶಗಳಲ್ಲಿ ಅಕ್ಟೋಬರ್ 31ರ ರಾತ್ರಿಯನ್ನು ಹ್ಯಾಲೋವೀನ್ ಎಂದು ಆಚರಿಸುತ್ತಾರೆ. ಕ್ರೈಸ್ತರಿಗೆ ನವೆಂಬರ್ 1 ಸಕಲ ಸಂತರ ದಿನ, 2 ಸತ್ತವರ ಆತ್ಮಗಳಿಗಾಗಿ ಪ್ರಾರ್ಥಿಸುವ ದಿನ. ಅದಕ್ಕೂ ಹಿಂದೆ ಐರ್ಲೆಂಡಿನ ಕಡೆಯ ಪ್ರಾಚೀನ ಕೆಲ್ಟ್ ಜನರಿಗೆ ಇದು ಸುಗ್ಗಿ ಮುಗಿದು ಚಳಿಗಾಲ ಕಾಲಿಡುವ ಹಬ್ಬದ ಸಮಯ. ಆ ರಾತ್ರಿ ಸತ್ತವರಿಗೂ ಬದುಕಿದವರಿಗೂ ನಡುವಿನ ಪರದೆ ತೆಳುವಾಗುತ್ತದೆಂಬ ನಂಬಿಕೆ ಅಲ್ಲಿ ಬೆಳೆದುಬಂತು. ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕಕ್ಕೆ ವಲಸೆ ಹೋದ ಐರಿಷ್ ಜನ ಈ ಆಚರಣೆಯನ್ನೂ ಜತೆಗೆ ಕೊಂಡೊಯ್ದರು. ಊರಿನಲ್ಲಿ ಟರ್ನಿಪ್ ಗಡ್ಡೆ ಕೊರೆದು ದೀಪವಿಡುತ್ತಿದ್ದವರಿಗೆ ಅಲ್ಲಿ ಸಿಹಿಗುಂಬಳ ಸಿಕ್ಕಿತು, ಅದನ್ನೇ ಕೊರೆದರು. ಈಗ ಅಂಗಡಿಗಳ ವ್ಯಾಪಾರವೂ ಸೇರಿಕೊಂಡು ಅದು ಮಕ್ಕಳ ವೇಷದ ಹಬ್ಬ, ದೆವ್ವದ ಸಿನಿಮಾಗಳ ಹಬ್ಬ.

ಹಬ್ಬ ಪರದೇಶದ್ದಾದರೂ ಅದರ ಒಳಗಿನ ಮಾತು ನಮಗೆ ಹೊಸದಲ್ಲ. ಆಟಿ ತಿಂಗಳಲ್ಲಿ ತೀರಿಹೋದವರಿಗೆ ಎಲೆ ಹಾಕಿ ಬಡಿಸುವ ಮನೆಗಳು ನಮ್ಮ ನಾಡಿನಲ್ಲಿವೆ. ದೀಪಾವಳಿಯ ಸಂಜೆ ಗದ್ದೆಯಲ್ಲಿ ದೀಪವಿಟ್ಟು ಪಾತಾಳದ ಬಲಿಯೇಂದ್ರನನ್ನು ಕೂಗಿ ಕರೆಯುವವರು ನಾವೇ. ತುಲಾ ಮಾಸ ಹತ್ತು ಕಳೆಯಿತೆಂದರೆ ಚಂದ್ರಗಿರಿ ಹೊಳೆಯಾಚೆಯ ಕಾವುಗಳಲ್ಲಿ ತೆಯ್ಯಂನ ಚೆಂಡೆ ಕೇಳತೊಡಗುತ್ತದೆ. ಅನ್ಯಾಯವಾಗಿ ಸತ್ತವರು ದೈವವಾಗಿ ಬಂದು ತಮ್ಮ ಕಥೆ ತಾವೇ ಹೇಳುತ್ತಾರೆ. ಸತ್ತವರು ಹೆದರಿಸಲೆಂದೇ ಬರುವುದಿಲ್ಲ, ಏನನ್ನೋ ಕೇಳಲು ಬರುತ್ತಾರೆ ಎಂಬ ತಿಳಿವಳಿಕೆ ನಮ್ಮ ಹಿರಿಯರಿಗೆ ಇತ್ತು. ಇಲ್ಲಿ ಹೇಳುವ ಚಿತ್ರಗಳನ್ನು ನೋಡಲು ಅದಕ್ಕಿಂತ ಹೆಚ್ಚಿನ ಪೂರ್ವಸಿದ್ಧತೆ ಬೇಕಿಲ್ಲ.

ತಪ್ಪು ಹೆಸರು ಹೊತ್ತ ಚಿತ್ರ

ಮೊದಲನೆಯದು 1944ರ ಅಮೆರಿಕನ್ ಚಿತ್ರ ‘ದಿ ಕರ್ಸ್ ಆಫ್ ದಿ ಕ್ಯಾಟ್ ಪೀಪಲ್’. ಹಾಲಿವುಡ್ಡಿನ ಆರ್‌ಕೆಓ ಸಂಸ್ಥೆ 1942ರಲ್ಲಿ ಕಡಿಮೆ ಖರ್ಚಿನಲ್ಲಿ ‘ಕ್ಯಾಟ್ ಪೀಪಲ್’ ಎಂಬ ಚಿತ್ರ ತೆಗೆದು ಒಳ್ಳೆಯ ಹಣ ಮಾಡಿತ್ತು. ಅದರ ನಿರ್ಮಾಪಕ ವಾಲ್ ಲ್ಯೂಟನ್. ಸಂಸ್ಥೆ ಮೊದಲು ಹೆಸರು ಗೊತ್ತುಮಾಡಿ, ಆಮೇಲೆ ಅದಕ್ಕೊಂದು ಚಿತ್ರ ಮಾಡಿಕೊಡು ಎಂದು ಅವನಿಗೆ ಹೇಳುವುದು ರೂಢಿ. ಎರಡನೆಯ ಸಲ ‘ಬೆಕ್ಕಿನ ಜನರ ಶಾಪ’ ಎಂಬ ಹೆಸರು ಬಂತು. ಲ್ಯೂಟನ್ ಆ ಹೆಸರಿನಡಿಯಲ್ಲಿ ಒಂಟಿ ಮಗುವೊಂದರ ಕಥೆ ಹೇಳಿಬಿಟ್ಟ. ‘ಏಮಿ ಮತ್ತು ಅವಳ ಗೆಳತಿ’ ಎಂದು ಹೆಸರಿಡಲು ಅವನಿಗೆ ಇಷ್ಟವಿತ್ತು, ಸಂಸ್ಥೆ ಒಪ್ಪಲಿಲ್ಲ.

ಏಮಿ ಪುಟ್ಟ ಹುಡುಗಿ. ಜತೆಯ ಮಕ್ಕಳು ಅವಳನ್ನು ಆಟಕ್ಕೆ ಸೇರಿಸುವುದಿಲ್ಲ. ಅಂಗಳದ ಮರದ ಪೊಟರೆ ಮಾಯದ ಅಂಚೆಪೆಟ್ಟಿಗೆ ಎಂದು ಅಪ್ಪ ಎಂದೋ ತಮಾಷೆಗೆ ಹೇಳಿದ್ದನ್ನು ನಂಬಿ, ಹುಟ್ಟುಹಬ್ಬದ ಆಮಂತ್ರಣಗಳನ್ನೆಲ್ಲ ಅದರೊಳಗೆ ಹಾಕಿ ಕಾಯುತ್ತಾಳೆ. ಯಾರೂ ಬರುವುದಿಲ್ಲ. ಆಗ ಅವಳಿಗೊಬ್ಬಳು ಗೆಳತಿ ಸಿಗುತ್ತಾಳೆ. ಆಕೆ ಅಪ್ಪನ ತೀರಿಹೋದ ಮೊದಲ ಹೆಂಡತಿ. ಆಕೆ ನಿಜವೋ ಮಗುವಿನ ಕಲ್ಪನೆಯೋ, ಚಿತ್ರ ಕೊನೆಯವರೆಗೂ ಬಿಟ್ಟುಕೊಡುವುದಿಲ್ಲ. ಹಿಮ ಸುರಿಯುವ ರಾತ್ರಿಯಲ್ಲಿ ಏಮಿಗೆ ಕುದುರೆಯ ಗೊರಸಿನ ಸದ್ದು ಕೇಳುವ ದೃಶ್ಯ ಒಂದಿದೆ. ತಾನು ಕೇಳಿದ್ದ ಕಥೆಯ ತಲೆಯಿಲ್ಲದ ಸವಾರ ಬಂದನೆಂದು ಮಗು ನಡುಗುತ್ತದೆ. ಕೊನೆಗೆ ಹಾದುಹೋಗುವುದು ಒಂದು ಹಳೆಯ ಮೋಟಾರು. ಮಕ್ಕಳ ಭಯ ಹೇಗೆ ಹುಟ್ಟುತ್ತದೆಂಬುದನ್ನು ಇಷ್ಟು ಸರಳವಾಗಿ ತೋರಿಸಿದ ಚಿತ್ರಗಳು ವಿರಳ.

ಇದರ ನಿರ್ದೇಶನವನ್ನು ಗುಂಥರ್ ಫಾನ್ ಫ್ರಿಟ್ಶ್ ಆರಂಭಿಸಿದ. ಕೆಲಸ ನಿಧಾನವಾಯಿತೆಂದು ಸಂಸ್ಥೆ ಅದನ್ನು ಸಂಕಲನಕಾರನಾಗಿದ್ದ ರಾಬರ್ಟ್ ವೈಸ್‌ಗೆ ಒಪ್ಪಿಸಿತು. ನಿರ್ದೇಶಕನಾಗಿ ವೈಸ್‌ನ ಮೊದಲ ಚಿತ್ರ ಇದು. ಇದೇ ಮನುಷ್ಯ ಮುಂದೆ 1965ರಲ್ಲಿ ‘ದಿ ಸೌಂಡ್ ಆಫ್ ಮ್ಯೂಸಿಕ್’ ಮಾಡಿದ. ಎಪ್ಪತ್ತು ನಿಮಿಷದ ಈ ಚಿತ್ರವನ್ನು ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡೇ ನೋಡಬಹುದು.

ನಿರ್ಮಾಪಕ ಕರೆತಂದ ಪಿಶಾಚಿ

ಎರಡನೆಯದು 1957ರ ಬ್ರಿಟಿಷ್ ಚಿತ್ರ ‘ನೈಟ್ ಆಫ್ ದಿ ಡೀಮನ್’. ‘ಕ್ಯಾಟ್ ಪೀಪಲ್’ ನಿರ್ದೇಶಿಸಿದ್ದ ಜಾಕ್ ಟೂರ್ನರ್‌ನೇ ಇದರ ನಿರ್ದೇಶಕ. ಇಂಗ್ಲಿಷಿನ ಹೆಸರಾಂತ ಪ್ರೇತಕಥೆಗಾರ ಎಂ. ಆರ್. ಜೇಮ್ಸ್ ಬರೆದ ಕಥೆಯೊಂದು ಇದಕ್ಕೆ ಆಧಾರ. ಮಾಟಮಂತ್ರವೆಲ್ಲ ಬೂಟಾಟಿಕೆ ಎಂದು ಸಾಧಿಸಲು ಅಮೆರಿಕದ ಮನಶ್ಶಾಸ್ತ್ರಜ್ಞನೊಬ್ಬ ಲಂಡನ್ನಿಗೆ ಬರುತ್ತಾನೆ. ಅವನ ಎದುರಾಳಿ ಕಾರ್ಸ್‌ವೆಲ್ ಎಂಬ ಮಾಂತ್ರಿಕ. ಹಳೆಯ ಲಿಪಿ ಬರೆದ ಒಂದು ಚೀಟಿಯನ್ನು ಇವನಿಗೆ ಗೊತ್ತಾಗದಂತೆ ದಾಟಿಸಿಬಿಟ್ಟಿದ್ದಾನೆ. ಚೀಟಿ ಯಾರ ಬಳಿ ಉಳಿಯುತ್ತದೋ ಅವನಿಗೆ ಗೊತ್ತಾದ ದಿನ, ಗೊತ್ತಾದ ಗಳಿಗೆಯಲ್ಲಿ ಸಾವು. ಬದುಕಬೇಕಾದರೆ ಕೊಟ್ಟವನಿಗೇ ಅದನ್ನು ಹಿಂದಿರುಗಿಸಬೇಕು.

ಇದರಲ್ಲಿ ಹ್ಯಾಲೋವೀನಿನ ದೃಶ್ಯವೂ ಇದೆ. ಕಾರ್ಸ್‌ವೆಲ್ ತನ್ನ ಬಂಗಲೆಯಲ್ಲಿ ಹಳ್ಳಿಯ ಮಕ್ಕಳನ್ನು ಸೇರಿಸಿ, ವಿದೂಷಕನ ವೇಷ ಹಾಕಿ ಕಣ್ಕಟ್ಟು ತೋರಿಸುತ್ತಿರುತ್ತಾನೆ. ಮಕ್ಕಳನ್ನು ನಗಿಸುತ್ತಿದ್ದವನು ಮಾತಿನ ನಡುವೆಯೇ ಬಿರುಗಾಳಿ ಎಬ್ಬಿಸುತ್ತಾನೆ. ಖಳನೆಂದರೆ ಮೀಸೆ ತಿರುವಬೇಕೆಂಬ ನಿಯಮ ಇಲ್ಲಿಲ್ಲ. ಅಮ್ಮನೊಡನೆ ವಾಸವಾಗಿರುವ, ಸಭ್ಯನಾದ, ತಾನೇ ಎಬ್ಬಿಸಿದ ಶಕ್ತಿಗೆ ತಾನೇ ಅಂಜುವ ಮನುಷ್ಯ ಇವನು.

ಪಿಶಾಚಿಯನ್ನು ಸ್ಪಷ್ಟವಾಗಿ ತೋರಿಸಬಾರದೆಂಬುದು ನಿರ್ದೇಶಕನ ಅಭಿಪ್ರಾಯ. ನಿರ್ಮಾಪಕ ಹಾಲ್ ಚೆಸ್ಟರ್ ಕೇಳಲಿಲ್ಲ. ಚಿತ್ರದ ಆರಂಭದಲ್ಲೇ ಅದನ್ನು ದೊಡ್ಡದಾಗಿ ತೋರಿಸಿಬಿಟ್ಟ. ಈ ಜಗಳ ಇಂದಿಗೂ ಮುಗಿದಿಲ್ಲ. ನೋಡಿದವರೇ ತೀರ್ಮಾನಿಸಬೇಕು: ಗೊಂಬೆಯ ಪಿಶಾಚಿ ಹೆಚ್ಚು ಹೆದರಿಸುತ್ತದೆಯೋ, ಗಾಳಿಯಿಲ್ಲದ ಕೋಣೆಯಲ್ಲಿ ತಾನಾಗಿ ಬೆಂಕಿಯ ಕಡೆಗೆ ಹಾರಲು ಹವಣಿಸುವ ಆ ಕಾಗದದ ಚೂರು ಹೆಚ್ಚು ಹೆದರಿಸುತ್ತದೆಯೋ? ನಮ್ಮ ಮತ ಕಾಗದಕ್ಕೆ. ಅಮೆರಿಕದಲ್ಲಿ ಬೇರೆ ಹೆಸರಿಟ್ಟು, ಹತ್ತು ನಿಮಿಷಕ್ಕೂ ಹೆಚ್ಚು ಕತ್ತರಿಸಿ ಬಿಡುಗಡೆ ಮಾಡಿದ್ದರು. ಆದ್ದರಿಂದ ಹುಡುಕುವಾಗ ಉದ್ದದ ಬ್ರಿಟಿಷ್ ಆವೃತ್ತಿಯನ್ನೇ ಹುಡುಕಬೇಕು.

ಉಪ್ಪಿನ ಸರೋವರದ ಪಾಳುಮಂಟಪ

ಮೂರನೆಯದು ‘ಕಾರ್ನಿವಲ್ ಆಫ್ ಸೋಲ್ಸ್’, 1962. ನಿರ್ದೇಶಕ ಹರ್ಕ್ ಹಾರ್ವೆ ಹಾಲಿವುಡ್ಡಿನವನಲ್ಲ. ಅಮೆರಿಕದ ಕ್ಯಾನ್ಸಸ್ ರಾಜ್ಯದ ಲಾರೆನ್ಸ್ ಎಂಬ ಊರಿನಲ್ಲಿ ಶಾಲೆ-ಕಾರ್ಖಾನೆಗಳಿಗೆ ಬೋಧಪ್ರದ ಕಿರುಚಿತ್ರ ಮಾಡುವ ಸಂಸ್ಥೆಯ ನೌಕರ. ಒಮ್ಮೆ ಕ್ಯಾಲಿಫೋರ್ನಿಯದಿಂದ ಕಾರಿನಲ್ಲಿ ಊರಿಗೆ ಮರಳುವಾಗ ಯೂಟಾ ರಾಜ್ಯದ ಮಹಾ ಉಪ್ಪಿನ ಸರೋವರದ ದಡದಲ್ಲಿ ಪಾಳುಬಿದ್ದ ‘ಸಾಲ್ಟೇರ್’ ಎಂಬ ವಿಹಾರಮಂಟಪ ಕಣ್ಣಿಗೆ ಬಿತ್ತು. ಅದೇ ಚಿತ್ರದ ಬೀಜ. ಸುಮಾರು 33 ಸಾವಿರ ಡಾಲರ್ ಹೊಂದಿಸಿ, ಮೂರು ವಾರಗಳಲ್ಲಿ ಚಿತ್ರೀಕರಣ ಮುಗಿಸಿದ. ಬಿಳಿಚಿದ ಮುಖದ ಪ್ರೇತಪುರುಷನ ಪಾತ್ರವನ್ನು ತಾನೇ ವಹಿಸಿದ. ಅವನು ನಿರ್ದೇಶಿಸಿದ ಪೂರ್ಣಪ್ರಮಾಣದ ಕಥಾಚಿತ್ರ ಇದೊಂದೇ.

ಸೇತುವೆಯಿಂದ ಕಾರೊಂದು ನದಿಗೆ ಬೀಳುತ್ತದೆ. ಒಳಗಿದ್ದ ಮೂವರು ಯುವತಿಯರಲ್ಲಿ ಒಬ್ಬಳು, ಮೇರಿ, ಗಂಟೆಗಳ ಬಳಿಕ ಕೆಸರು ಮೆತ್ತಿಕೊಂಡು ದಡ ಹತ್ತುತ್ತಾಳೆ. ಬೇರೆ ಊರಿನ ಇಗರ್ಜಿಯಲ್ಲಿ ಆರ್ಗನ್ ನುಡಿಸುವ ಕೆಲಸಕ್ಕೆ ಸೇರುತ್ತಾಳೆ. ಆದರೆ ಕಿಟಕಿಯ ಗಾಜಿನಲ್ಲಿ, ಕನ್ನಡಿಯಲ್ಲಿ ಒಂದು ಬಿಳಿಚಿದ ಮುಖ ಅವಳನ್ನು ಹಿಂಬಾಲಿಸುತ್ತದೆ. ಮಧ್ಯೆ ಮಧ್ಯೆ ಊರಿನ ಸದ್ದೆಲ್ಲ ತಟ್ಟನೆ ನಿಂತುಹೋಗುತ್ತದೆ. ಪೇಟೆಯ ಬೀದಿಯಲ್ಲಿ ಅವಳು ಕೂಗಿದರೂ ಯಾರಿಗೂ ಕೇಳಿಸುವುದಿಲ್ಲ, ಯಾರಿಗೂ ಅವಳು ಕಾಣಿಸುವುದಿಲ್ಲ. ಜನರ ನಡುವೆ ಇದ್ದೂ ಇಲ್ಲದಂತಾಗುವ ಈ ಭಯಕ್ಕೆ ಯಾವ ದೆವ್ವವೂ ಬೇಕಾಗಿಲ್ಲ. ಪರಸ್ಥಳದಲ್ಲಿ ಒಂಟಿಯಾಗಿ ದುಡಿದವರಿಗೆ ಅದು ಚೆನ್ನಾಗಿ ಗೊತ್ತು.

ಬಿಡುಗಡೆಯ ಕಾಲದಲ್ಲಿ ಇದನ್ನು ಗಮನಿಸಿದವರು ಕಡಿಮೆ. ರಾತ್ರಿ ಹೊತ್ತಿನ ಟೆಲಿವಿಷನ್ ಪ್ರದರ್ಶನಗಳಲ್ಲಿ ನೋಡಿದವರು ಬಾಯಿಂದ ಬಾಯಿಗೆ ಹೇಳಿ ಉಳಿಸಿದರು. 1989ರಲ್ಲಿ ಮತ್ತೆ ಚಿತ್ರಮಂದಿರಗಳಿಗೆ ಬಂತು. ಪ್ರತಿಗಳಲ್ಲಿ ಹಕ್ಕುಸ್ವಾಮ್ಯದ ಸೂಚನೆ ಹಾಕದೆ ಹೋದ ಕಾರಣ ಅಮೆರಿಕದಲ್ಲಿ ಇದು ಸಾರ್ವಜನಿಕ ಸ್ವತ್ತಾಯಿತು. ಹಾಗಾಗಿ ಅಂತರ್ಜಾಲದಲ್ಲಿ ಕಾಸಿಲ್ಲದೆ ನೋಡಲು ಸಿಗುತ್ತದೆ. ಆ ಪಾಳುಮಂಟಪ ಮಾತ್ರ 1970ರಲ್ಲಿ ಸುಟ್ಟುಹೋಯಿತು. ಅದೀಗ ಉಳಿದಿರುವುದು ಈ ಚಿತ್ರದಲ್ಲೇ.

ಸತ್ತವರಿಗೆ ಹಾಡಿದ ಕುರುಡ

ನಾಲ್ಕನೆಯದು ಜಪಾನಿನ ‘ಕ್ವೈದಾನ್’, 1964. ನಿರ್ದೇಶಕ ಮಸಾಕಿ ಕೊಬಾಯಾಶಿ. ಇದರಲ್ಲಿ ನಾಲ್ಕು ಪ್ರೇತಕಥೆಗಳಿವೆ. ಇವುಗಳನ್ನು ಇಂಗ್ಲಿಷಿನಲ್ಲಿ ಬರೆದಿಟ್ಟವನು ಲಫ್ಕಾಡಿಯೊ ಹರ್ನ್. ಗ್ರೀಸಿನಲ್ಲಿ ಹುಟ್ಟಿ, ಹ್ಯಾಲೋವೀನಿನ ತವರಾದ ಐರ್ಲೆಂಡಿನಲ್ಲಿ ಬೆಳೆದು, ಕೊನೆಗೆ ಜಪಾನೀಯನೇ ಆಗಿಹೋದ ಲೇಖಕ ಈತ. ಪ್ರೇತಕಥೆಗಳಿಗೆ ಗಡಿಯಿಲ್ಲ ಎಂಬುದಕ್ಕೆ ಇವನ ಬದುಕೇ ಸಾಕ್ಷಿ.

ಪೂರ್ತಿ ಚಿತ್ರ ಮೂರು ಗಂಟೆಯದು. ಅಷ್ಟು ಪುರುಸೊತ್ತು ಇಲ್ಲದವರು ಮೂರನೆಯ ಕಥೆಯಾದ ‘ಕಿವಿಯಿಲ್ಲದ ಹೋಯಿಚಿ’ಯನ್ನಾದರೂ ನೋಡಬೇಕು. 1185ರ ದಾನ್-ನೊ-ಉರಾ ಎಂಬ ಕಡಲಕಾಳಗದಲ್ಲಿ ಹೈಕೆ ವಂಶದವರು ತಮ್ಮ ಎಳೆಯ ಚಕ್ರವರ್ತಿಯ ಸಮೇತ ನೀರುಪಾಲಾದರು. ಶತಮಾನಗಳ ಬಳಿಕ ಅದೇ ತೀರದ ದೇವಾಲಯದಲ್ಲಿ ಹೋಯಿಚಿ ಎಂಬ ಕುರುಡು ಗಾಯಕ ಬಿವಾ ಎಂಬ ತಂತಿವಾದ್ಯ ನುಡಿಸಿಕೊಂಡು ಆ ಕಾಳಗದ ಕಥೆ ಹಾಡುತ್ತಾನೆ. ರಾತ್ರಿ ಒಬ್ಬ ಯೋಧ ಬಂದು, ನಮ್ಮ ಒಡೆಯರು ನಿನ್ನ ಹಾಡು ಕೇಳಬೇಕೆಂದಿದ್ದಾರೆ ಎಂದು ಕರೆದೊಯ್ಯುತ್ತಾನೆ. ಕುರುಡನಿಗೆ ಏನು ಗೊತ್ತು? ಅವನು ಹಾಡುತ್ತಿರುವುದು ಸಮಾಧಿಗಳ ನಡುವೆ; ಕೇಳುತ್ತಿರುವವರು ಸತ್ತ ಹೈಕೆಗಳೇ. ತಮ್ಮ ಸೋಲಿನ ಕಥೆಯನ್ನು ಮತ್ತೆ ಮತ್ತೆ ಹಾಡಿಸಿ ಕೇಳಿ ಅಳುತ್ತಾರೆ. ಅವನನ್ನು ಉಳಿಸಲು ಗುರುಗಳು ಮೈತುಂಬ ಬೌದ್ಧಸೂತ್ರ ಬರೆಯುತ್ತಾರೆ. ಒಂದೆಡೆ ಮಾತ್ರ ಬರೆಯಲು ಮರೆಯುತ್ತಾರೆ. ಎಲ್ಲಿ ಎಂಬುದನ್ನು ಕಥೆಯ ಹೆಸರೇ ಹೇಳುತ್ತದೆ.

ಪಾಡ್ದನ ಕೇಳಿ ಬೆಳೆದವರಿಗೆ, ಇರುಳಿಡೀ ಕೂತು ಆಟ ನೋಡಿದವರಿಗೆ ಈ ಕಥೆ ಬೇಗ ಹತ್ತಿರವಾಗುತ್ತದೆ. ಹಳೆಯ ವಿಮಾನದ ಕೊಟ್ಟಿಗೆಯೊಂದರಲ್ಲಿ ಆಕಾಶವನ್ನೂ ಬಣ್ಣದಲ್ಲಿ ಬಳಿದು ನಿರ್ಮಿಸಿದ ದೃಶ್ಯಗಳು, ಮೌನವನ್ನೇ ವಾದ್ಯವಾಗಿ ಬಳಸಿದ ತೋರು ತಾಕೆಮಿತ್ಸುವಿನ ಸಂಗೀತ ಇವೆಲ್ಲ ಸೇರಿ 1965ರ ಕಾನ್ ಉತ್ಸವದಲ್ಲಿ ಇದಕ್ಕೆ ತೀರ್ಪುಗಾರರ ವಿಶೇಷ ಪ್ರಶಸ್ತಿ ಬಂತು. ಆದರೂ ಅಮೆರಿಕಕ್ಕೆ ಹೋದಾಗ ಕತ್ತರಿ ತಪ್ಪಲಿಲ್ಲ. ನಾಲ್ಕರಲ್ಲಿ ಒಂದು ಕಥೆಯನ್ನೇ, ಹಿಮಕನ್ಯೆಯದನ್ನು, ತೆಗೆದುಹಾಕಿದರು. ಈಗ ಪೂರ್ಣ ಪ್ರತಿ ದೊರೆಯುತ್ತದೆ.

ರಾಯ್ ಅವರ ಬಿಟ್ಟುಹೋದ ಮಗಳು

ಐದನೆಯದಕ್ಕೆ ನಮ್ಮ ದೇಶಕ್ಕೇ ಬರೋಣ. ಸತ್ಯಜಿತ್ ರಾಯ್ ಪ್ರೇತಚಿತ್ರ ಮಾಡಿದ್ದಾರೆಂದರೆ ಹಲವರು ಹುಬ್ಬೇರಿಸಬಹುದು. 1961 ರವೀಂದ್ರನಾಥ ಠಾಕೂರರ ಜನ್ಮಶತಾಬ್ದಿಯ ವರ್ಷ. ಠಾಕೂರರ ಮೂರು ಕಥೆಗಳನ್ನು ಆಯ್ದು ರಾಯ್ ‘ತೀನ್ ಕನ್ಯಾ’ ಮಾಡಿದರು. ಅವರು ಸ್ವತಃ ಸಂಗೀತ ನೀಡಿದ ಮೊದಲ ಚಿತ್ರವೂ ಇದೇ. ಮೂವರು ಕನ್ಯೆಯರಲ್ಲಿ ನಡುವಿನವಳ ಕಥೆ ‘ಮಣಿಹಾರಾ’. ವಿದೇಶಕ್ಕೆ ಕಳಿಸುವಾಗ ಈ ಭಾಗವನ್ನೇ ಕೈಬಿಟ್ಟು, ಉಳಿದೆರಡನ್ನು ‘ಇಬ್ಬರು ಹೆಣ್ಣುಮಕ್ಕಳು’ ಎಂಬ ಅರ್ಥದ ಹೆಸರಿನಲ್ಲಿ ಕಳಿಸಿದರು. ಹೊರಗಿನವರಿಗೆ ಇದು ಬಹುಕಾಲ ಕಾಣಸಿಗಲಿಲ್ಲ.

ನದಿಯ ಸೋಪಾನದಲ್ಲಿ ಕೂತು ಶಾಲಾಮಾಸ್ತರೊಬ್ಬ, ಎದುರಿನ ಪಾಳುಬಂಗಲೆಯ ಕಥೆಯನ್ನು ಶಾಲು ಹೊದ್ದ ಅಪರಿಚಿತನಿಗೆ ಹೇಳುತ್ತಾನೆ. ಆ ಬಂಗಲೆಯ ಧಣಿ ಫಣಿಭೂಷಣ. ಹೆಂಡತಿ ಮಣಿಮಾಲಿಕೆಗೆ ಒಡವೆಗಳೆಂದರೆ ಪ್ರಾಣ. ಮಕ್ಕಳಿಲ್ಲದ ಆ ದೊಡ್ಡ ಮನೆಯಲ್ಲಿ ಗಂಡ ಪ್ರೀತಿಯನ್ನು ಒಡವೆಯಾಗಿ ಕೊಡುತ್ತಾನೆ, ಅವಳು ಒಡವೆಯನ್ನಷ್ಟೇ ತೆಗೆದುಕೊಳ್ಳುತ್ತಾಳೆ. ಅವನ ವ್ಯಾಪಾರ ಕುಸಿದಾಗ, ಎಲ್ಲಿ ಒಡವೆ ಕೇಳಿಬಿಡುತ್ತಾನೋ ಎಂದು ಅವಳಿಗೆ ಭಯ. ಮುಂದಿನದನ್ನು ಚಿತ್ರದಲ್ಲೇ ನೋಡಬೇಕು. ರಾತ್ರಿಯ ಮೌನದಲ್ಲಿ ಮೆಟ್ಟಿಲು ಹತ್ತಿ ಬರುವ ಆಭರಣಗಳ ಕಿಂಕಿಣಿ ಕೇಳಿದ ಮೇಲೆ ಬಂಗಾರದ ಮೇಲಿನ ಆಸೆ ಒಂದೆರಡು ದಿನವಾದರೂ ಕಡಿಮೆಯಾದೀತು!

ನಮ್ಮ ನೆರೆಮನೆಯ ಭಾರ್ಗವಿ

ಕೊನೆಯದು ತೀರ ಹತ್ತಿರದ್ದು: 1964ರ ಮಲಯಾಳ ಚಿತ್ರ ‘ಭಾರ್ಗವೀ ನಿಲಯಂ’. ವೈಕಂ ಮುಹಮ್ಮದ್ ಬಷೀರರು ತಮ್ಮ ‘ನೀಲವೆಳಿಚ್ಚಂ’ (ನೀಲಿ ಬೆಳಕು) ಎಂಬ ಸಣ್ಣಕಥೆಯನ್ನು ತಾವೇ ಚಿತ್ರಕಥೆಯಾಗಿ ಬೆಳೆಸಿಕೊಟ್ಟರು. ಛಾಯಾಗ್ರಾಹಕರಾಗಿ ಹೆಸರಾಗಿದ್ದ ಎ. ವಿನ್ಸೆಂಟ್ ಮೊದಲ ಬಾರಿಗೆ ನಿರ್ದೇಶಿಸಿದರು. ಮಧು, ಪ್ರೇಂ ನಸೀರ್, ವಿಜಯ ನಿರ್ಮಲಾ ಅಭಿನಯಿಸಿದರು. ಪಿ. ಭಾಸ್ಕರನ್ ಬರೆದು ಎಂ. ಎಸ್. ಬಾಬುರಾಜ್ ರಾಗ ಹಾಕಿದ ಹಾಡುಗಳು ಇಂದಿಗೂ ಹಳೆಯದಾಗಿಲ್ಲ. ಮಲಯಾಳಿಗಳು ಇದನ್ನು ಮರೆತಿಲ್ಲ. 2023ರಲ್ಲಿ ಆಶಿಕ್ ಅಬು ‘ನೀಲವೆಳಿಚ್ಚಂ’ ಎಂಬ ಹೆಸರಿನಲ್ಲೇ ಮತ್ತೆ ಚಿತ್ರ ಮಾಡಿದರು. ಕನ್ನಡದ ‘ನಾ ನಿನ್ನ ಬಿಡಲಾರೆ’ (1979) ನಮ್ಮವರಿಗೆ ಗೊತ್ತು, ‘ಆಪ್ತಮಿತ್ರ’ (2004) ಗೊತ್ತು, ಅದರ ಮೂಲವಾದ ‘ಮಣಿಚಿತ್ರತ್ತಾಳ್’ (1993) ಗೊತ್ತು. ಅವಕ್ಕೆಲ್ಲ ಹಿರಿಯಕ್ಕನಂತಿರುವ ಭಾರ್ಗವಿಯನ್ನೂ ನಮ್ಮ ಮನೆಯ ಎಳೆಯರು ಪರಿಚಯ ಮಾಡಿಕೊಳ್ಳಬೇಕು.

ಒಬ್ಬ ಬಡ ಸಾಹಿತಿ ಹಳೆಯ ಮನೆಯೊಂದನ್ನು ಬಾಡಿಗೆಗೆ ಹಿಡಿಯುತ್ತಾನೆ. ಆ ಮನೆಯಲ್ಲಿ ಬಾವಿಗೆ ಬಿದ್ದು ಸತ್ತ ಭಾರ್ಗವಿಯ ಪ್ರೇತ ಇದೆಯೆಂದು ಊರವರ ಎಚ್ಚರಿಕೆ. ಇವನು ಮಂತ್ರವಾದಿಯನ್ನು ಕರೆಸುವುದಿಲ್ಲ, ಓಡಿಯೂ ಹೋಗುವುದಿಲ್ಲ. ಮನೆಯ ಒಡತಿಯೊಡನೆ ಮಾತನಾಡುವಂತೆ ಕಾಣದ ಭಾರ್ಗವಿಯೊಡನೆ ಮಾತಿಗೆ ತೊಡಗುತ್ತಾನೆ; ಅನುಮತಿ ಕೇಳುತ್ತಾನೆ, ಹಾಸ್ಯ ಮಾಡುತ್ತಾನೆ, ಕೊನೆಗೆ ಅವಳ ಕಥೆಯನ್ನೇ ಬರೆಯಲು ಕೂರುತ್ತಾನೆ. ಬರೆಯುತ್ತಾ ಹೋದಂತೆ ಅವಳು ಸತ್ತದ್ದು ಹೇಗೆಂಬ ಸತ್ಯ ಹೊರಬೀಳುತ್ತದೆ. ಊರೆಲ್ಲ ಹೆದರಿದ ಹೆಣ್ಣಿನ ಮಾತನ್ನು ಕೇಳಲು ಒಬ್ಬನಾದರೂ ಕೂತನಲ್ಲ ಎಂಬುದೇ ಈ ಚಿತ್ರದ ದೊಡ್ಡತನ.

ನೋಡುವ ಬಗೆ

ಈ ಆರರಲ್ಲಿ ಐದು ಕಪ್ಪುಬಿಳುಪಿನವು, ‘ಕ್ವೈದಾನ್’ ಮಾತ್ರ ಬಣ್ಣದ್ದು. ಇವನ್ನು ಬಸ್ಸಿನಲ್ಲಿ ಕೂತು ಅಂಗೈಯಗಲದ ಪರದೆಯಲ್ಲಿ ನೋಡಿದರೆ ಪ್ರಯೋಜನವಿಲ್ಲ. ಊಟ ಮುಗಿಸಿ, ಪಡಸಾಲೆಯ ದೀಪ ಆರಿಸಿ, ಮನೆಮಂದಿ ಒಟ್ಟಿಗೆ ಕೂತು ನೋಡಬೇಕು. ನಡುವೆ ಎದ್ದು ಹೋಗಬಾರದು. ಮೊದಲ ಚಿತ್ರವನ್ನು ಏಳೆಂಟು ವರ್ಷದ ಮಕ್ಕಳೂ ನೋಡಬಹುದು. ಉಳಿದವು ಹೈಸ್ಕೂಲು ದಾಟಿದವರಿಗೆ ಇರಲಿ. ಸಣ್ಣ ಮಕ್ಕಳು ಹೆದರಿದರೆ ನಗಬೇಡಿ. ಏಮಿಯ ಅಪ್ಪ ಮಾಡಿದ ತಪ್ಪು ಅದೇ: ಮಗು ಹೇಳಿದ್ದನ್ನು ಕೇಳದೆ ಗದರಿದ್ದು.

ಆರು ಚಿತ್ರಗಳನ್ನು ಸಾಲಾಗಿ ಇಟ್ಟು ನೋಡಿದರೆ ನಮಗೆ ಒಂದು ಸಂಗತಿ ಕಾಣುತ್ತದೆ. ಏಮಿಗೆ ಆಟದ ಜತೆ ಬೇಕಿತ್ತು. ಪೇಟೆಯ ನಡುವೆ ನಿಂತ ಮೇರಿಗೆ ತನ್ನ ಕೂಗು ಕೇಳುವವರೊಬ್ಬರು ಬೇಕಿತ್ತು. ಹೈಕೆಗಳಿಗೆ ತಮ್ಮ ಕಥೆ ಹಾಡುವವನು ಬೇಕಿತ್ತು, ಭಾರ್ಗವಿಗೆ ಬರೆಯುವವನು. ಕೇಳುವವರು ಸಿಗದಿದ್ದಾಗಲೇ ಮಾತು ದೆವ್ವವಾಗುತ್ತದೆ.

ನಮ್ಮ ಮನೆಗಳಲ್ಲಿಯೂ ಇಂಥ ಕಥೆಗಳಿಗೆ ಬರವಿಲ್ಲ. ಹುಣಸೆಮರದ ಬುಡದ್ದು, ಹೊಳೆಯ ಕಡವಿನದ್ದು, ಗುಡ್ಡೆಯ ಮೇಲೆ ಕೊಳ್ಳಿ ಹಿಡಿದು ನಡೆಯುವವರದ್ದು ಎಷ್ಟೋ ಕಥೆಗಳು ಅಜ್ಜಿಯರ ಬಾಯಲ್ಲಿದ್ದವು, ಕೆಲವರ ಬಾಯಲ್ಲಿ ಇನ್ನೂ ಇವೆ. ಕನ್ನಡದಲ್ಲಿ, ತುಳುವಿನಲ್ಲಿ, ಹವ್ಯಕದಲ್ಲಿ, ಮರಾಟಿಯಲ್ಲಿ ಹೇಳಿದ ಆ ಕಥೆಗಳನ್ನು ಯಾರೂ ಚಿತ್ರ ತೆಗೆದಿಟ್ಟಿಲ್ಲ. ಹೇಳುವವರು ಹೋದರೆ ಅವೂ ಹೋದವು. ಆದುದರಿಂದ ಅಕ್ಟೋಬರ್ 31ರ ರಾತ್ರಿ ಒಂದು ಚಿತ್ರ ನೋಡಿ ಮುಗಿಸಿದ ಮೇಲೆ ಕೂಡಲೇ ದೀಪ ಹಾಕಬೇಡಿ. ಮನೆಯಲ್ಲಿ ಹಿರಿಯರಿದ್ದರೆ, ‘ನಿಮ್ಮ ಕಾಲದ್ದು ಒಂದು ಹೇಳಿ’ ಎಂದು ಕೇಳಿ. ಮಕ್ಕಳು ಹತ್ತಿರ ಸರಿದು ಕೂರುತ್ತಾರೆ. ಕಥೆ ನಮ್ಮ ಭಾಷೆಯಲ್ಲಿ ಇನ್ನೊಂದು ತಲೆಮಾರು ದಾಟುತ್ತದೆ.